ಹೂಳಿನಲ್ಲಿ ನಿಂತ ಕಾಲುಗಳು: ಪ್ಲೇಟಿಯೋಸಾರಸ್ ಪ್ರಕರಣ

ಜರ್ಮನಿಯ ನೈರುತ್ಯ ಭಾಗದ ಟ್ರೋಸಿಂಗೆನ್ ಮೌತ್ ಆರ್ಗನ್ ತಯಾರಿಕೆಗೆ ಹೆಸರಾದ ಸಣ್ಣ ಊರು. ಅಲ್ಲಿನ ಇಳಿಜಾರಿನ ಕೆಂಪು ಜೇಡಿಮಣ್ಣಿನಲ್ಲಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಮೂರು ಸಲ ದೊಡ್ಡ ಅಗೆತ ನಡೆಯಿತು. 1911–13ರಲ್ಲಿ ಸ್ಟುಟ್‌ಗಾರ್ಟ್‌ನ ಎಬರ್‌ಹಾರ್ಡ್ ಫ್ರಾಸ್ ಅಗೆಸಿದರು. 1921–23ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಫ್ರೆಡ್ರಿಕ್ ಫಾನ್ ಹ್ಯೂನ, 1932ರಲ್ಲಿ ರೈನ್‌ಹೋಲ್ಡ್ ಜೇಮನ್. ಮೂವರಿಗೂ ಹೆಚ್ಚಾಗಿ ಸಿಕ್ಕಿದ್ದು ಒಂದೇ ಪ್ರಾಣಿ: ಪ್ಲೇಟಿಯೋಸಾರಸ್ ಎಂಬ ಸಸ್ಯಾಹಾರಿ ಡೈನೋಸಾರ್. ಪೂರ್ತಿಯಾಗಿಯೋ ಅರೆಬರೆಯಾಗಿಯೋ ಉಳಿದ ಸುಮಾರು 35 ಅಸ್ಥಿಪಂಜರಗಳು, ಜೊತೆಗೆ ಇನ್ನೂ ಸುಮಾರು 70 ಪ್ರಾಣಿಗಳ ಬಿಡಿ ಮೂಳೆಗಳು.

ಒಂದೇ ಜಾಗದಲ್ಲಿ ಇಷ್ಟು ಮೂಳೆ ಸಿಕ್ಕಿದರೆ ಯಾರಿಗಾದರೂ ಖುಷಿಯೇ. ಆದರೆ ಮೂಳೆಗಳು ಮಣ್ಣಿನಲ್ಲಿ ಕೂತಿದ್ದ ರೀತಿ ಮಾತ್ರ ವಿಚಿತ್ರವಾಗಿತ್ತು. ಸತ್ತ ಪ್ರಾಣಿ ಸಾಮಾನ್ಯವಾಗಿ ಪಕ್ಕಕ್ಕೆ ಉರುಳಿ ಬಿದ್ದಿರುತ್ತದೆ. ಇಲ್ಲಿ ಎಷ್ಟೋ ಪ್ರಾಣಿಗಳು ಬೆನ್ನು ಮೇಲೆ, ಹೊಟ್ಟೆ ಕೆಳಗೆ ಮಾಡಿಕೊಂಡಿದ್ದವು. ಹಿಂಗಾಲುಗಳು ದೇಹಕ್ಕಿಂತ ತುಂಬಾ ಆಳದಲ್ಲಿದ್ದವು. ತೊಡೆ, ಮೊಣಕಾಲು, ಪಾದ ಎಲ್ಲವೂ ಒಂದಕ್ಕೊಂದು ಕೂಡಿಕೊಂಡೇ ಇದ್ದವು, ಮಡಚಿದ ಸ್ಥಿತಿಯಲ್ಲಿ. ಮೇಲಕ್ಕೆ ಬಂದಂತೆ ಮಾತ್ರ ಚಿತ್ರವೇ ಬೇರೆ. ಕುತ್ತಿಗೆ, ತಲೆ, ಮುಂಗೈ ಎಷ್ಟೋ ಸಲ ಇಲ್ಲವೇ ಇಲ್ಲ. ಇದ್ದರೂ ಚೆಲ್ಲಾಪಿಲ್ಲಿ.

ಟ್ರೋಸಿಂಗೆನ್ ಒಂದೇ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಜರ್ಮನಿಯ ಹಾಲ್ಬರ್‌ಷ್ಟಾಟ್‌ನ ಜೇಡಿಮಣ್ಣಿನ ಗಣಿಯಲ್ಲಿ 1910ರಿಂದ 1930ರ ನಡುವೆ 39ರಿಂದ 50 ಅಸ್ಥಿಪಂಜರಗಳು ಸಿಕ್ಕವು. ಸ್ವಿಟ್ಜರ್ಲೆಂಡಿನ ಫ್ರಿಕ್ ಎಂಬ ಊರಲ್ಲಿ ಇಟ್ಟಿಗೆ, ಹೆಂಚಿಗಾಗಿ ಮಣ್ಣು ತೆಗೆಯುವ ಗಣಿಯಿದೆ. ಅಲ್ಲಿ 1970ರ ದಶಕದಿಂದ ಮೂಳೆಗಳು ಬರುತ್ತಲೇ ಇವೆ. ಮೂರೂ ಕಡೆ ಅದೇ ಪ್ರಾಣಿ, ಅದೇ ತರದ ಮಣ್ಣು, ಅದೇ ಭಂಗಿ. ನೂರಾರು ಕಿಲೋಮೀಟರ್ ದೂರದ ಊರುಗಳಲ್ಲಿ ಒಂದೇ ಕಥೆ ಮರುಕಳಿಸಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಆ ಪ್ರಾಣಿಯ ಮೈಕಟ್ಟು, ಅದರ ಬದುಕು ಎರಡೂ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ಈ ಪ್ರಕರಣ ನನಗೆ ಇಷ್ಟ.

ಪ್ರಾಣಿ ಯಾವುದು

ಪ್ಲೇಟಿಯೋಸಾರಸ್ ಬದುಕಿದ್ದು ಟ್ರಯಾಸಿಕ್ ಯುಗದ ಕೊನೆಯ ಭಾಗದಲ್ಲಿ, ಸುಮಾರು 21 ಕೋಟಿ ವರ್ಷಗಳ ಹಿಂದೆ. ಆಗ ಖಂಡಗಳೆಲ್ಲ ಅಂಟಿಕೊಂಡು ಒಂದೇ ನೆಲವಾಗಿದ್ದವು. ಹುಲ್ಲು ಇರಲಿಲ್ಲ, ಹೂ ಬಿಡುವ ಗಿಡವೂ ಇರಲಿಲ್ಲ. ಪೈನ್ ಜಾತಿಯ ಮರಗಳು, ಸೈಕಾಡ್‌ಗಳು, ಜರೀಗಿಡಗಳು, ತೇವದ ಜಾಗದಲ್ಲಿ ಹಾರ್ಸ್‌ಟೇಲ್ ಗಿಡಗಳು: ಸಸ್ಯಾಹಾರಿಗೆ ಇದ್ದ ಊಟ ಇಷ್ಟೇ. ದೊಡ್ಡ ದೇಹದ ಸಸ್ಯಾಹಾರಿ ಡೈನೋಸಾರ್‌ಗಳು ಆಗಷ್ಟೇ ತಲೆ ಎತ್ತುತ್ತಿದ್ದವು. ಮುಂದೆ ಜುರಾಸಿಕ್ ಕಾಲದಲ್ಲಿ ಬಂದ ಉದ್ದ ಕುತ್ತಿಗೆಯ ದೈತ್ಯ ಸಾರೊಪಾಡ್‌ಗಳು ಇದರ ಬಳಗದವೇ. ಆದರೆ ಪ್ಲೇಟಿಯೋಸಾರಸ್ ಅವುಗಳ ನೇರ ಅಜ್ಜನಲ್ಲ, ಅಜ್ಜನ ದಾಯಾದಿ ಅನ್ನಬಹುದು.

ಇದರ ಮೊದಲ ಮೂಳೆ ಸಿಕ್ಕಿದ್ದು 1834ರಲ್ಲಿ, ನ್ಯೂರೆಂಬರ್ಗ್ ಹತ್ತಿರದ ಹೆರೋಲ್ಡ್ಸ್‌ಬರ್ಗ್‌ನಲ್ಲಿ. ಯೋಹಾನ್ ಫ್ರೆಡ್ರಿಕ್ ಎಂಗೆಲ್‌ಹಾರ್ಟ್ ಎಂಬ ವೈದ್ಯರಿಗೆ ಒಂದಷ್ಟು ಬೆನ್ನುಮೂಳೆ, ಕಾಲುಮೂಳೆ ಸಿಕ್ಕವು. 1837ರಲ್ಲಿ ಹೆರ್ಮನ್ ಫಾನ್ ಮೇಯರ್ ಅದಕ್ಕೆ ಹೆಸರಿಟ್ಟರು. 'ಡೈನೋಸಾರ್' ಅನ್ನೋ ಪದವೇ ಹುಟ್ಟಿದ್ದು 1842ರಲ್ಲಿ. ಅಂದರೆ ಗುಂಪಿಗೆ ಹೆಸರು ಬರುವ ಮುಂಚೆಯೇ ಈ ಪ್ರಾಣಿಗೆ ಹೆಸರಿತ್ತು. ಇನ್ನೊಂದು ತಮಾಷೆ ಎಂದರೆ, ಆ ಮೊದಲ ಮೂಳೆಗಳು ಜಾತಿ ಗುರುತಿಸಲು ಸಾಕಾಗುವಷ್ಟು ಚೆನ್ನಾಗಿಲ್ಲ ಎಂದು ಆಮೇಲೆ ಗೊತ್ತಾಯಿತು. ಕೊನೆಗೆ 2019ರಲ್ಲಿ ಪ್ರಾಣಿಗಳ ಹೆಸರು ನಿರ್ಧರಿಸುವ ಅಂತರರಾಷ್ಟ್ರೀಯ ಆಯೋಗ ಟ್ರೋಸಿಂಗೆನ್‌ನ ಪ್ರಾಣಿಯನ್ನೇ ಈ ಕುಲದ ಮಾದರಿ ಎಂದು ಒಪ್ಪಿತು.

ನೋಡೋಕೆ ಹೇಗಿತ್ತು? ಸಣ್ಣ ತಲೆ, ಉದ್ದ ಕುತ್ತಿಗೆ, ದಪ್ಪ ಹೊಟ್ಟೆ, ಬಲವಾದ ಹಿಂಗಾಲು, ಉದ್ದ ಬಾಲ. ಕುತ್ತಿಗೆಯಲ್ಲಿ 10 ಕಶೇರು ಮೂಳೆಗಳು, ಬೆನ್ನಿನಲ್ಲಿ 15, ಸೊಂಟದ ಜಾಗದಲ್ಲಿ 3. ಬಾಲದಲ್ಲಿ ಅವೆಲ್ಲ ಸೇರಿದರೂ ಸಾಟಿಯಾಗದಷ್ಟು. ಕೈಗಳು ಕಾಲಿನ ಅರ್ಧದಷ್ಟು ಉದ್ದ. ದೊಡ್ಡದಾಗಿ ಬೆಳೆದದ್ದು ಮೂತಿಯಿಂದ ಬಾಲದ ತುದಿಯವರೆಗೆ 10 ಮೀಟರ್, ತೂಕ 4 ಟನ್‌ವರೆಗೆ. ಸಣ್ಣವು ಇದರ ಅರ್ಧ ಉದ್ದವೂ ಇರಲಿಲ್ಲ. ಈ ಅಂತರದ ಬಗ್ಗೆ ಮುಂದೆ ಹೇಳುತ್ತೇನೆ, ಅದೇ ಒಂದು ದೊಡ್ಡ ಕಥೆ.

ಬಾಯೊಳಗೆ

ತಲೆಬುರುಡೆ ಉದ್ದಕ್ಕೆ, ಅಗಲ ಕಡಿಮೆ. ಕಣ್ಣುಗಳು ಪಕ್ಕಕ್ಕೆ ತಿರುಗಿವೆ. ಎದುರಿಗಿರುವುದನ್ನು ಕರಾರುವಾಕ್ಕಾಗಿ ನೋಡುವುದಕ್ಕಿಂತ ಸುತ್ತಲೂ ಒಂದು ಕಣ್ಣಿಟ್ಟಿರುವುದು ಇದಕ್ಕೆ ಮುಖ್ಯ. ಬೇಟೆಯಾಗಬಹುದಾದ ಪ್ರಾಣಿಗೆ ಅದೇ ಸರಿ, ಅಲ್ವಾ?

ಮೇಲ್ದವಡೆಯ ಒಂದು ಪಕ್ಕದಲ್ಲಿ ಮುಂದೆ 5–6 ಹಲ್ಲು, ಹಿಂದೆ 24ರಿಂದ 30. ಕೆಳದವಡೆಯ ಒಂದು ಪಕ್ಕದಲ್ಲಿ 21ರಿಂದ 28. ಒಂದು ಹಲ್ಲನ್ನು ಹತ್ತಿರದಿಂದ ನೋಡಿದರೆ ಎಲೆಯ ಆಕಾರ ಕಾಣುತ್ತದೆ: ಬುಡ ಸಣ್ಣ, ನಡು ಅಗಲ, ತುದಿ ಚೂಪು. ಅಂಚಿನಲ್ಲಿ ಒರಟು ಹಲ್ಲುಹಲ್ಲು ಕಚ್ಚುಗಳು. ಮಾಂಸಾಹಾರಿ ಡೈನೋಸಾರ್‌ಗಳ ಹಲ್ಲಿನ ಅಂಚಿನಲ್ಲೂ ಕಚ್ಚುಗಳಿರುತ್ತವೆ, ಆದರೆ ಅವು ನುಣ್ಣಗೆ, ಒತ್ತಾಗಿ ಇರುತ್ತವೆ. ಅದು ಮಾಂಸ ಕುಯ್ಯುವ ಹಲ್ಲು. ಇದು ಎಲೆ ಹಿಡಿದು ಹರಿಯುವ ಹಲ್ಲು.

ಅಗಿಯುವ ಕೆಲಸ ಇದಕ್ಕೆ ಬರುತ್ತಿರಲಿಲ್ಲ. ಹಸು, ಕುದುರೆಗಳಲ್ಲಿ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಉಜ್ಜಿ ಸವೆದ ಗುರುತು ಇರುತ್ತದಲ್ಲ, ಅಂಥ ಸವೆತ ಇಲ್ಲಿಲ್ಲ. ಹರಿದದ್ದನ್ನು ಹಾಗೇ ನುಂಗುವುದು, ಉಳಿದ ಕೆಲಸ ಹೊಟ್ಟೆಗೆ ಬಿಡುವುದು. ಆದರೂ ದವಡೆಯಲ್ಲಿ ಒಂದು ಜಾಣತನವಿದೆ. ದವಡೆಯ ಕೀಲು ಹಲ್ಲಿನ ಸಾಲಿಗಿಂತ ಕೆಳಗಿದೆ. ಇದರಿಂದ ಬಾಯಿ ಮುಚ್ಚುವಾಗ ಸಾಲಿನ ಹಲ್ಲುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಕಚ್ಚುತ್ತವೆ, ಸ್ನಾಯುವಿಗೂ ಜಾಸ್ತಿ ಹಿಡಿತ ಸಿಗುತ್ತದೆ. ಗಟ್ಟಿ ಎಲೆ ಹರಿಯುವ ಪ್ರಾಣಿಗೆ ಇದು ಲಾಭ. ಮಾಂಸಾಹಾರಿಗಳಲ್ಲಿ ಕೀಲು ಹಲ್ಲಿನ ಮಟ್ಟದಲ್ಲೇ ಇದ್ದು, ಕತ್ತರಿಸುವ ಕೆಲಸ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ.

ಅಗಿಯದೇ ನುಂಗಿದ ಎಲೆ ಕರಗಲು ಸಮಯ ಬೇಕು. ಸಮಯ ಬೇಕೆಂದರೆ ಉದ್ದ ಕರುಳು ಬೇಕು. ಉದ್ದ ಕರುಳಿಗೆ ದೊಡ್ಡ ಹೊಟ್ಟೆ. ಈ ಪ್ರಾಣಿಯ ಮೈಕಟ್ಟಿನ ಬಹುಪಾಲು ಈ ಒಂದು ಸಾಲಿನಲ್ಲೇ ಇದೆ. ದೊಡ್ಡ ಹೊಟ್ಟೆ ಹೊರಬೇಕಾದರೆ ಗಟ್ಟಿ ಕಾಲು ಬೇಕು. ಮೈ ದೊಡ್ಡದಾದರೆ ಮಾಂಸಾಹಾರಿಗಳ ಭಯವೂ ಕಡಿಮೆ. ತಲೆ ಮಾತ್ರ ಸಣ್ಣದಾಗಿಯೇ ಇರಬಹುದು. ಅಗಿಯುವ ದೊಡ್ಡ ಹಲ್ಲು, ದಪ್ಪ ಸ್ನಾಯು ಬೇಡವಲ್ಲ! ತಲೆ ಹಗುರವಾದ್ದರಿಂದ ಕುತ್ತಿಗೆ ಉದ್ದ ಬೆಳೆಯಬಹುದು. ಉದ್ದ ಕುತ್ತಿಗೆ ಇದ್ದರೆ ನಿಂತಲ್ಲೇ ನಿಂತು ಸುತ್ತಲಿನ ಎಲೆ ತಿನ್ನಬಹುದು. ಮುಂದಿನ ಹದಿಮೂರು, ಹದಿನಾಲ್ಕು ಕೋಟಿ ವರ್ಷ ಸಾರೊಪಾಡ್‌ಗಳು ಇದೇ ದಾರಿಯಲ್ಲಿ ನಡೆದು ಭೂಮಿಯ ಅತಿದೊಡ್ಡ ನೆಲದ ಪ್ರಾಣಿಗಳಾದವು.

ಕಣ್ಣಿನ ಬಗ್ಗೆ ಒಂದು ಮಾತು. ಹಲ್ಲಿ, ಹಕ್ಕಿಗಳ ಕಣ್ಣಿನೊಳಗೆ ಸಣ್ಣ ಮೂಳೆಗಳ ಒಂದು ಉಂಗುರ ಇರುತ್ತದೆ. ಪ್ಲೇಟಿಯೋಸಾರಸ್‌ಗೂ ಇತ್ತು. ಆ ಉಂಗುರದ ಅಳತೆಯನ್ನು ಈಗಿನ ಪ್ರಾಣಿಗಳ ಜೊತೆ ಹೋಲಿಸಿ 2011ರಲ್ಲಿ ಲಾರ್ಸ್ ಷ್ಮಿಟ್ಸ್ ಮತ್ತು ರ್ಯೋಸುಕೆ ಮೊಟಾನಿ ಹೇಳಿದ್ದು: ಇದು ಹಗಲಿನದ್ದೂ ಅಲ್ಲ, ರಾತ್ರಿಯದ್ದೂ ಅಲ್ಲ. ಹಗಲುರಾತ್ರಿ ಎನ್ನದೆ ಆಗಾಗ ಎದ್ದು ಓಡಾಡುತ್ತಿದ್ದ ಪ್ರಾಣಿ. ದೊಡ್ಡ ಹೊಟ್ಟೆ ತುಂಬಿಸಬೇಕಾದವರಿಗೆ ನಿದ್ದೆಗೆ ಎಲ್ಲಿಂದ ಪುರಸೊತ್ತು?

ಎರಡು ಕಾಲೋ ನಾಲ್ಕು ಕಾಲೋ

ಈ ಒಂದು ಪ್ರಶ್ನೆಗೆ ವಿದ್ವಾಂಸರು ಸುಮಾರು ನೂರು ವರ್ಷ ಕಿತ್ತಾಡಿದ್ದಾರೆ. ಹಾಲ್ಬರ್‌ಷ್ಟಾಟ್‌ನ ಮೂಳೆಗಳನ್ನು ನೋಡಿದ ಓಟ್ಟೋ ಯೇಕೆಲ್ ಮೊದಲು ಇದು ಹಲ್ಲಿಯ ಹಾಗೆ ಕಾಲು ಅಗಲಿಸಿ ನೆಲಕ್ಕೆ ಅಂಟಿಕೊಂಡು ಹೋಗುತ್ತಿತ್ತು ಎಂದರು. ಸ್ವಲ್ಪ ಸಮಯದಲ್ಲೇ ಮನಸ್ಸು ಬದಲಿಸಿ, ಕಾಂಗರೂ ಥರ ಎರಡೇ ಕಾಲಲ್ಲಿ ಕುಪ್ಪಳಿಸುತ್ತಿತ್ತು ಎಂದರು. ನಾಲ್ಕು ಟನ್ ಕಾಂಗರೂ! ಹ್ಯೂನ ಅವರು ನೆಟ್ಟಗೆ ಎರಡು ಕಾಲಲ್ಲಿ ನಡೆಯುವ ಪ್ರಾಣಿ ಎಂದರು. ಆಮೇಲಿನ ದಶಕಗಳಲ್ಲಿ ಒಲವು ನಾಲ್ಕು ಕಾಲಿನ ಕಡೆಗೆ ವಾಲಿತು. ಮ್ಯೂಸಿಯಂಗಳಲ್ಲಿ ನಾಲ್ಕು ಕಾಲಲ್ಲಿ ಓಡುವ ಪ್ಲೇಟಿಯೋಸಾರಸ್‌ಗಳನ್ನು ನಿಲ್ಲಿಸಿದರು. ಚಿತ್ರಕಾರರು ಹಾಗೇ ಬರೆದರು. ಮೂಳೆ ಬದಲಾಗಲಿಲ್ಲ, ಅದನ್ನು ಜೋಡಿಸುವವರ ಅಭಿಪ್ರಾಯ ಬದಲಾಗುತ್ತಾ ಹೋಯಿತು.

ಜಗಳ ತೀರಿಸಿದ್ದು ಮಣಿಕಟ್ಟು. ನಿಮ್ಮ ಮುಂಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಡಿ. ಈಗ ಮೊಣಕೈ ಕದಲಿಸದೆ ಅಂಗೈಯನ್ನು ಕೆಳಗೆ ತಿರುಗಿಸಿ. ಮುಂಗೈಯಲ್ಲಿ ಎರಡು ಮೂಳೆಗಳಿವೆ, ಒಂದು ಇನ್ನೊಂದರ ಮೇಲೆ ಹೊರಳಿತು. ಅದಕ್ಕೇ ಅಂಗೈ ನೆಲ ನೋಡಿತು. ಪ್ಲೇಟಿಯೋಸಾರಸ್‌ಗೆ ಈ ಹೊರಳಾಟ ಸಾಧ್ಯವಿರಲಿಲ್ಲ. 2007ರಲ್ಲಿ ಮ್ಯಾಥ್ಯೂ ಬಾನನ್ ಮತ್ತು ಫಿಲ್ ಸೆಂಟರ್ ಮುಂಗೈ ಮೂಳೆಗಳ ತುದಿಗಳನ್ನು ಪರೀಕ್ಷಿಸಿ ಇದನ್ನು ತೋರಿಸಿದರು. ಅದರ ಅಂಗೈಗಳು ಒಂದನ್ನೊಂದು ನೋಡುತ್ತಿದ್ದವು, ನೆಲವನ್ನಲ್ಲ. ಅಂಥ ಕೈಯನ್ನು ನೆಲಕ್ಕೆ ಊರಿ ನಡೆಯಲು ಆಗುವುದಿಲ್ಲ. ನಾಲ್ಕು ಕಾಲಲ್ಲಿ ನಿಲ್ಲಿಸಿದ ಮ್ಯೂಸಿಯಂ ಗೊಂಬೆಗಳಲ್ಲಿ ಮುಂಗೈ ಮೂಳೆಗಳನ್ನು ಕೀಲು ಒಪ್ಪದ ರೀತಿಯಲ್ಲಿ ತಿರುಚಿ ಕೂರಿಸಲಾಗಿತ್ತು.

2010ರಲ್ಲಿ ಹೈನ್ರಿಖ್ ಮ್ಯಾಲಿಸನ್ ಟ್ಯೂಬಿಂಗೆನ್‌ನ ಒಂದು ಅಸ್ಥಿಪಂಜರದ ಮೂಳೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿದರು. ಮೈಗೆ ಮಾಂಸ ತುಂಬಿಸಿ ಭಾರದ ಕೇಂದ್ರ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿದರು. ಅದು ಬಿದ್ದದ್ದು ಹಿಂಗಾಲುಗಳ ಮೇಲೆಯೇ. ಮುಂದೆ ಹೊಟ್ಟೆ, ಕುತ್ತಿಗೆ, ಹಿಂದೆ ದಪ್ಪ ಬಾಲ, ನಡುವೆ ಸೊಂಟ. ಬೆನ್ನು ಹೆಚ್ಚುಕಡಿಮೆ ಅಡ್ಡಕ್ಕೆ ಇಟ್ಟುಕೊಂಡು, ಹಿಂಗಾಲಿನ ಬೆರಳುಗಳ ಮೇಲೆ ನಡೆಯುತ್ತಿತ್ತು. ವೇಗ ಬೇಕಾದಾಗ ಹೆಜ್ಜೆ ಉದ್ದ ಮಾಡುವುದಕ್ಕಿಂತ ಬೇಗ ಬೇಗ ಹಾಕುತ್ತಿತ್ತು.

ಹಾಗಾದರೆ ಕೈ ಯಾತಕ್ಕೆ? ಐದು ಬೆರಳಲ್ಲಿ ಮೊದಲ ಮೂರಕ್ಕೆ ಉಗುರಿತ್ತು. ಹೆಬ್ಬೆರಳಿನದು ಎಲ್ಲಕ್ಕಿಂತ ದೊಡ್ಡದು, ಬಾಗಿದ್ದು. ಕೊನೆಯ ಎರಡು ಬೆರಳು ಸಣ್ಣವು, ಉಗುರಿಲ್ಲ. ಕೊಂಬೆ ಹಿಡಿದು ಎಳೆಯೋಕೆ, ಮಣ್ಣು ಕೆದಕೋಕೆ, ಮೇಲೆ ಬಿದ್ದವರಿಗೆ ಗೀರೋಕೆ ಸಾಕು. ನಡಿಗೆಯ ಕೆಲಸದಿಂದ ಬಿಡುಗಡೆಯಾದ ಕೈ ಇದು.

ನಮ್ಮ ಪಕ್ಕದ ಗೋದಾವರಿ ಕಣಿವೆಯಲ್ಲಿ ಇದರ ಮುಂದಿನ ಅಧ್ಯಾಯವಿದೆ. ತೆಲಂಗಾಣದಲ್ಲಿ ಸಿಕ್ಕ ಜಕ್ಲಪಲ್ಲಿಸಾರಸ್, ನಂಬಾಲಿಯಾ ಎರಡೂ ಟ್ರಯಾಸಿಕ್ ಕೊನೆಯವು, ಪ್ಲೇಟಿಯೋಸಾರಸ್ ಬಳಗಕ್ಕೆ ಹತ್ತಿರದವು. 2011ರಲ್ಲಿ ಹೆಸರು ಪಡೆದವು. ಅದೇ ಕಣಿವೆಯ ಜುರಾಸಿಕ್ ಕಲ್ಲಿನಲ್ಲಿ ಸಿಕ್ಕ ಬರಪಾಸಾರಸ್ ಟಾಗೋರೈ ನಾಲ್ಕೂ ಕಾಲನ್ನು ಕಂಬದ ಹಾಗೆ ಊರಿದ ಸಾರೊಪಾಡ್. ಅದರ ಅಸ್ಥಿಪಂಜರ ಕೊಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಅದನ್ನು ನೋಡಿದರೆ ಕೈ ಕಾಲಾಗಿ ಬದಲಾದ ಕಥೆ ಕಣ್ಣಿಗೆ ಕಟ್ಟುತ್ತದೆ.

ಸಿಕ್ಕಿಬಿದ್ದದ್ದು ಹೇಗೆ

ಈಗ ಮತ್ತೆ ಆ ಹೂತ ಕಾಲುಗಳಿಗೆ ಬರೋಣ.

ಹಳಬರಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಯೇಕೆಲ್ ಪ್ರಕಾರ ಪ್ರಾಣಿಗಳು ಜೌಗಿಗೆ ಇಳಿದು ಸಿಕ್ಕಿಕೊಂಡು ಮುಳುಗಿದವು. ಹ್ಯೂನ ಅವರಿಗೆ ಕಂಡದ್ದು ಮರುಭೂಮಿ. ಹಿಂಡು ಹಿಂಡಾಗಿ ದಾಟುವಾಗ ನಿತ್ರಾಣವಾದವು ಬತ್ತುತ್ತಿದ್ದ ನೀರುಗುಂಡಿಗಳ ಕೆಸರಿನಲ್ಲಿ ಕುಸಿದವು ಎಂದರು. ಜೇಮನ್ ಹೇಳಿದ್ದು ಇನ್ನೊಂದು: ದೊಡ್ಡ ನೀರುಗುಂಡಿಯ ಸುತ್ತ ಹಿಂಡು ಸೇರುತ್ತಿತ್ತು, ನೂಕುನುಗ್ಗಲಲ್ಲಿ ಕೆಲವು ಕೆಸರಿಗೆ ಬಿದ್ದವು, ಹಗುರದವು ಎದ್ದುಹೋದವು, ಭಾರದವು ಸಿಕ್ಕಿಕೊಂಡವು. 1980ರ ದಶಕದಲ್ಲಿ ಡೇವಿಡ್ ವೈಶಾಂಪೆಲ್ ಬೇರೆಯದೇ ಕೋನ ತಂದರು. ಟ್ರೋಸಿಂಗೆನ್‌ನ ಕೆಳಪದರದ ಮೂಳೆಗಳು ಒಂದೇ ಹಿಂಡಿನವು, ಕೆಸರು ಹರಿದು ಬಂದು ಒಂದೇ ಏಟಿಗೆ ಸತ್ತವು ಎಂದು.

ಹಿಂಡು ಒಟ್ಟಿಗೇ ಸತ್ತ ಚಿತ್ರ ನೋಡಲು ಚೆನ್ನಾಗಿದೆ. ನನಗೆ ಮಾತ್ರ ಅದು ಒಪ್ಪಿಗೆಯಾಗುವುದಿಲ್ಲ. ಹಿಂಡು ಅಂದಮೇಲೆ ಮರಿಗಳೂ ಇರಬೇಕಲ್ಲ? ಹರಿದು ಬಂದ ಕೆಸರು ದೊಡ್ಡವು, ಸಣ್ಣವು ಎಂದು ಆರಿಸಿ ಕೊಲ್ಲುವುದಿಲ್ಲ. ಕಾಲುಗಳು ಮಾತ್ರ ಆಳಕ್ಕೆ ಇಳಿದಿರುವುದಕ್ಕೂ ಅದರಲ್ಲಿ ಉತ್ತರವಿಲ್ಲ.

1992ರಲ್ಲಿ ಮಾರ್ಟಿನ್ ಸ್ಯಾಂಡರ್ ಮೂರೂ ಜಾಗಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರು. ಅವರು ಹೇಳಿದ್ದು ಜೇಮನ್ ಮಾತಿಗೆ ಹತ್ತಿರ, ಆದರೆ ಸಾಕ್ಷಿ ಗಟ್ಟಿ. ಇದು ಒಂದೇ ದಿನದ ದುರಂತವಲ್ಲ. ತುಂಬಾ ಕಾಲ ಬಾಯಿ ತೆರೆದುಕೊಂಡಿದ್ದ ಕೆಸರಿನ ಬಲೆ. ಇವತ್ತು ಒಂದು, ಇನ್ಯಾವತ್ತೋ ಇನ್ನೊಂದು, ಹೀಗೆ ಬಿಡಿಬಿಡಿಯಾಗಿ ಬಿದ್ದವು.

ಲೆಕ್ಕ ಸುಲಭ. ಪ್ರಾಣಿಯ ಉದ್ದ ಎರಡು ಪಟ್ಟಾದರೆ ಪಾದದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಅಂದರೆ ಪಾದದ ಕೆಳಗಿನ ಒತ್ತಡ ಎರಡು ಪಟ್ಟು. ಮೇಲೆ ಒಣಗಿ ಗಟ್ಟಿಯಾಗಿ ಕಾಣುವ, ಒಳಗೆ ಹಸಿಯಾಗಿರುವ ಜೇಡಿಯ ಮೇಲೆ ಸಣ್ಣ ಪ್ರಾಣಿ ದಾಟಿಹೋಗುತ್ತದೆ, ದೊಡ್ಡದು ಇಳಿಯುತ್ತದೆ. ಪ್ಲೇಟಿಯೋಸಾರಸ್‌ನ ಇಡೀ ಭಾರ ಎರಡೇ ಕಾಲ ಮೇಲೆ. ಒಂದು ಕಾಲು ಎತ್ತಲು ಹೋದರೆ ಅಷ್ಟೂ ಭಾರ ಇನ್ನೊಂದರ ಮೇಲೆ ಬೀಳುತ್ತದೆ, ಅದು ಇನ್ನಷ್ಟು ಕೆಳಗೆ ಹೋಗುತ್ತದೆ. ಎತ್ತುವ ಕಾಲನ್ನು ಕೆಸರು ಹಿಂದಕ್ಕೆ ಹೀರುತ್ತದೆ. ಒದ್ದಾಡಿದಷ್ಟೂ ಜೇಡಿ ಮೆತ್ತಗಾಗುತ್ತದೆ. ಮಣಿಕಟ್ಟು ಹೊರಳದ ಕೈಯಲ್ಲಿ ನೆಲ ಒತ್ತಿ ಮೇಲೇಳುವುದೂ ಕಷ್ಟ. ಕೊಡಗು, ಹಾಸನದ ಕಡೆ ಕೆರೆಯ ಹೂಳಿನಲ್ಲಿ ಕಾಡಾನೆ ಸಿಕ್ಕಿಕೊಂಡ ಸುದ್ದಿ ಓದಿದವರಿಗೆ ಈ ಪಾಡು ಹೊಸದೇನಲ್ಲ. ಆನೆಗಾದರೆ ಅರಣ್ಯ ಇಲಾಖೆಯವರು ಜೆಸಿಬಿ ತಂದು ದಡ ಕಡಿದು ದಾರಿ ಮಾಡುತ್ತಾರೆ.

ಈ ಮಣ್ಣಿನ ಸ್ವಭಾವ ಇವತ್ತಿಗೂ ಹಾಗೇ ಇದೆ. ಸುಣ್ಣದ ಗಂಟುಗಳಿರುವ ಈ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ. ಅದರ ಮೇಲೆ ಮನೆ ಕಟ್ಟಬೇಕಾದರೆ ಅಲ್ಲಿನ ಎಂಜಿನಿಯರುಗಳು ಈಗಲೂ ಹತ್ತು ಸಲ ಯೋಚಿಸುತ್ತಾರೆ.

ಯಾರು ಇಲ್ಲ ಅನ್ನೋದೇ ಸುಳಿವು

ಸ್ಯಾಂಡರ್ ಅವರ ವಾದದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಗೈರುಹಾಜರಾದವರ ಪಟ್ಟಿ. ಮರಿಗಳ ಅಸ್ಥಿಪಂಜರ ಇಲ್ಲ. ಹಾಗಂತ ಮರಿಗಳೇ ಇರಲಿಲ್ಲ ಅಂತಲ್ಲ. ಅವು ಹಗುರ, ದಾಟಿಕೊಂಡು ಹೋದವು. ಮಾಂಸಾಹಾರಿಗಳು ಬಂದಿದ್ದವು ಎನ್ನುವುದಕ್ಕೆ ಮೂಳೆಗಳ ಮಧ್ಯೆ ಅವುಗಳ ಉದುರಿದ ಹಲ್ಲುಗಳು ಸಿಗುತ್ತವೆ. ಸರೀಸೃಪಗಳ ಹಲ್ಲು ಬಿದ್ದರೆ ಮತ್ತೆ ಹುಟ್ಟುತ್ತದೆ, ಆದ್ದರಿಂದ ಕಚ್ಚುವಾಗ ಹಲ್ಲು ಉದುರುವುದು ಮಾಮೂಲು. ಬಂದವು, ತಿಂದವು, ಹೋದವು. ಅವೂ ಹಗುರ. ಕೆಸರಿನ ಮೇಲೆ ಉಳಿದಿದ್ದ ಕುತ್ತಿಗೆ, ತಲೆ, ಕೈಗಳನ್ನು ಎಳೆದಾಡಿದವು. ಕೆಸರೊಳಗಿನ ಕಾಲು ಕೈಗೆಟುಕಲಿಲ್ಲ. ಕಾಲು ಕೂಡಿಕೊಂಡೇ ಉಳಿದು, ಮೇಲಿನದು ಚೆದುರಿದ್ದು ಇದಕ್ಕೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಮೂಳೆರಾಶಿ ಆ ಕಾಲದ ಜನಗಣತಿಯಲ್ಲ. ಪ್ಲೇಟಿಯೋಸಾರಸ್ ಆಗ ಯುರೋಪಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದ ಪ್ರಾಣಿ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಇದ್ದಿರಲೂಬಹುದು. ಆದರೆ ಬಲೆ ಭಾರದವರನ್ನು ಮಾತ್ರ ಹಿಡಿಯುತ್ತಿತ್ತು ಎಂದಮೇಲೆ ಅದರಲ್ಲಿ ಸಿಕ್ಕವರ ಲೆಕ್ಕದಿಂದ ಊರಿನ ಲೆಕ್ಕ ಹೇಳಲಾಗದು. ಹಿಂಡಿನಲ್ಲಿ ಬದುಕುತ್ತಿತ್ತು ಎನ್ನುವ ಮಾತಿಗೂ ಈ ರಾಶಿಯಿಂದ ಬಲ ಸಿಗುವುದಿಲ್ಲ. ಬೇರೆ ಬೇರೆ ದಿನ ಬಿದ್ದವರು ಒಟ್ಟಿಗೆ ಬಂದವರೇ ಆಗಬೇಕಿಲ್ಲ.

ಒಬ್ಬೊಬ್ಬರದು ಒಂದೊಂದು ಅಳತೆ

ಮೂಳೆಯನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳವಣಿಗೆ ನಿಂತ ಗೆರೆಗಳು ಕಾಣುತ್ತವೆ, ವರ್ಷಕ್ಕೊಂದರಂತೆ. ಬೆಳವಣಿಗೆ ಪೂರ್ತಿ ಮುಗಿದಿದ್ದರೆ ಹೊರ ಅಂಚಿನಲ್ಲಿ ಗೆರೆಗಳು ಒತ್ತೊತ್ತಾಗಿ ಬರುತ್ತವೆ. 2005ರಲ್ಲಿ ಸ್ಯಾಂಡರ್ ಮತ್ತು ನಿಕೋಲ್ ಕ್ಲೈನ್ ಟ್ರೋಸಿಂಗೆನ್ ಮತ್ತು ಫ್ರಿಕ್‌ನ ಮೂಳೆಗಳನ್ನು ಹೀಗೆ ನೋಡಿದರು. ಬಂದ ಫಲಿತಾಂಶ ಯಾರೂ ನಿರೀಕ್ಷಿಸದ್ದು. ಕೆಲವು ಪ್ರಾಣಿಗಳು 5 ಮೀಟರ್ ಆಸುಪಾಸಿನಲ್ಲೇ ಬೆಳೆದು ಮುಗಿದಿದ್ದವು. ಇನ್ನು ಕೆಲವು 10 ಮೀಟರ್‌ವರೆಗೆ ಹೋಗಿದ್ದವು. ಉದ್ದ ನೋಡಿ ವಯಸ್ಸು ಹೇಳುವ ಹಾಗೇ ಇಲ್ಲ.

ಬೇರೆ ಡೈನೋಸಾರ್‌ಗಳು ಈ ವಿಷಯದಲ್ಲಿ ಹಕ್ಕಿ, ಸಸ್ತನಿಗಳ ಹಾಗೆ. ಒಂದು ಜಾತಿಗೆ ಒಂದು ಅಳತೆ, ಸ್ವಲ್ಪ ಆಚೀಚೆ. ಆದರೆ ಮೊಸಳೆ, ಆಮೆಗಳಲ್ಲಿ ಊಟ, ಬಿಸಿಲು, ವರ್ಷ ಚೆನ್ನಾಗಿದ್ದರೆ ಬೆಳವಣಿಗೆ ಜೋರು, ಕೆಟ್ಟರೆ ನಿಧಾನ. ಪ್ಲೇಟಿಯೋಸಾರಸ್ ಅವುಗಳ ಪಕ್ಷಕ್ಕೆ ಸೇರಿತು. ಆದರೂ ಪೂರ್ತಿ ಅಲ್ಲ. ಬೆಳೆಯುವಾಗ ಅದು ಮೊಸಳೆಗಿಂತ ಬಹಳ ಬೇಗ ಬೆಳೆಯುತ್ತಿತ್ತು. ಅದರ ಬೆನ್ನುಮೂಳೆ, ಪಕ್ಕೆಲುಬುಗಳ ಜೋಡಣೆ ಹಕ್ಕಿಗಳಲ್ಲಿರುವಂಥ ಗಾಳಿಚೀಲದ ಶ್ವಾಸವ್ಯವಸ್ಥೆಯ ಸುಳಿವನ್ನೂ ಕೊಡುತ್ತದೆ. ಬಿಸಿರಕ್ತವೋ ತಣ್ಣಗಿನದೋ ಎಂದು ಕೇಳಿದರೆ, ನಡುವಿನ ಎಲ್ಲೋ ಒಂದು ಕಡೆ ಎನ್ನುವುದೇ ಸದ್ಯಕ್ಕೆ ಪ್ರಾಮಾಣಿಕ ಉತ್ತರ. ಬದುಕಿದ್ದು ಕನಿಷ್ಠ 12ರಿಂದ 20 ವರ್ಷ.

ಮಳೆ ಒಂದು ವರ್ಷ ಬಂದು ಇನ್ನೊಂದು ವರ್ಷ ಕೈಕೊಡುವ ಅರೆ ಒಣ ನೆಲ ಅದು. ಸಿಕ್ಕಿದಾಗ ಬೆಳೆ, ಸಿಗದಿದ್ದಾಗ ಸುಮ್ನೆ ಇರು ಎನ್ನುವ ಮೈ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ಫ್ರಿಕ್‌ನ ಸಣ್ಣದು

ಮರಿಗಳೇ ಸಿಗುವುದಿಲ್ಲ ಎನ್ನುವ ಮಾತಿಗೆ ಫ್ರಿಕ್ ಗಣಿಯೇ ತಿದ್ದುಪಡಿ ತಂದಿತು. 2015ರಲ್ಲಿ ಅಲ್ಲಿ ಒಂದು ಸಣ್ಣ ಪ್ಲೇಟಿಯೋಸಾರಸ್ ಸಿಕ್ಕಿತು. ಫ್ಯಾಬಿಯನ್ ಎಂದು ಅಡ್ಡಹೆಸರು. 2020ರಲ್ಲಿ ಡೇರಿಯಸ್ ನಾವ್ ಮತ್ತು ಸಂಗಡಿಗರು ಅದರ ವಿವರ ಪ್ರಕಟಿಸಿದರು. ಉದ್ದ ಸುಮಾರು 2.3 ಮೀಟರ್, ತೂಕ 40ರಿಂದ 60 ಕಿಲೋ. ದೊಡ್ಡವರ ಪಕ್ಕದಲ್ಲಿ ಏನೇನೂ ಅಲ್ಲ.

ಆಶ್ಚರ್ಯ ಇದ್ದದ್ದು ಅಳತೆಯಲ್ಲಲ್ಲ, ಆಕಾರದಲ್ಲಿ. ಮರಿ ಎಂದರೆ ತಲೆ ದೊಡ್ಡದು, ಕುತ್ತಿಗೆ ಗಿಡ್ಡ, ಕೈಕಾಲಿನ ಅನುಪಾತ ಬೇರೆ ಎಂದು ನಿರೀಕ್ಷೆ. ಅರ್ಜೆಂಟೀನಾದ ಮುಸಾರಸ್ ಎಂಬ ಇದರ ನೆಂಟ ಎಳೆತನದಲ್ಲಿ ನಾಲ್ಕು ಕಾಲಲ್ಲಿ ಓಡಾಡಿ, ಬೆಳೆದ ಮೇಲೆ ಎರಡು ಕಾಲಿಗೆ ಬರುತ್ತಿತ್ತು. ಫ್ಯಾಬಿಯನ್ ಹಾಗಲ್ಲ. ಅದರ ಮೈಯ ಅನುಪಾತ ಹೆಚ್ಚುಕಡಿಮೆ ದೊಡ್ಡವರದ್ದೇ. ಅಂದರೆ ಸಣ್ಣ ವಯಸ್ಸಿಗೇ ಎರಡು ಕಾಲಲ್ಲಿ, ದೊಡ್ಡವರ ಥರವೇ ಬದುಕುತ್ತಿದ್ದಿರಬೇಕು. ಅಳತೆಯಲ್ಲಿ ಇಷ್ಟೊಂದು ಹಿಗ್ಗುಕುಗ್ಗಿರುವ ಪ್ರಾಣಿ ಆಕಾರದಲ್ಲಿ ಮಾತ್ರ ಹಟಮಾರಿ.

ಕೆಸರಿನ ಬಲೆಯ ವಾದ ಇದರಿಂದ ಬಿದ್ದುಹೋಯಿತೇ? ಇಲ್ಲ ಎಂದೇ ನನ್ನ ಎಣಿಕೆ. ನೂರಾರು ಭಾರದವರ ನಡುವೆ ಒಂದು ಹಗುರದ್ದು ಸಿಕ್ಕರೆ ಬಲೆಯ ಸ್ವಭಾವ ಬದಲಾಗುವುದಿಲ್ಲ. ಬಲೆಗೆ ಬೀಳದೆಯೂ ಸಾಯಬಹುದಲ್ಲ. ಆದರೆ 'ಮರಿಗಳು ಎಂದೂ ಸಿಗವು' ಎಂದು ಬರೆದಿದ್ದ ಸಾಲನ್ನು 'ಅಪರೂಪಕ್ಕೆ ಸಿಗುತ್ತವೆ' ಎಂದು ತಿದ್ದಬೇಕಾಯಿತು.

ಉಳಿದ ತಕರಾರು

ಈ ಪ್ರಕರಣದ ಸಾಕ್ಷಿಗಳಲ್ಲಿ ಕೆಲವು ಕೈಬಿಟ್ಟುಹೋಗಿವೆ. ಹಾಲ್ಬರ್‌ಷ್ಟಾಟ್‌ನ ಮೂಳೆಗಳಲ್ಲಿ ಹೆಚ್ಚಿನವು ಬರ್ಲಿನ್ ಮ್ಯೂಸಿಯಂಗೆ ಹೋಗಿದ್ದವು. ಎರಡನೇ ಮಹಾಯುದ್ಧದಲ್ಲಿ ಬಹಳಷ್ಟು ನಾಶವಾದವು. ಗಣಿ ಇದ್ದ ಜಾಗದಲ್ಲಿ ಈಗ ಮನೆಗಳೆದ್ದಿವೆ. ಟ್ರೋಸಿಂಗೆನ್‌ನ ಒಂದು ಒಳ್ಳೆಯ ಅಸ್ಥಿಪಂಜರ ನ್ಯೂಯಾರ್ಕ್ ಮ್ಯೂಸಿಯಂನಲ್ಲಿದೆ. ಇನ್ನೊಂದು ಸಾಕ್ಷಿ ಬಂದದ್ದು ಊಹಿಸದ ಜಾಗದಿಂದ. ನಾರ್ವೆಯ ಸ್ನೋರೆ ಎಣ್ಣೆಕ್ಷೇತ್ರದಲ್ಲಿ 1997ರಲ್ಲಿ ಸಮುದ್ರತಳದಿಂದ 2,256 ಮೀಟರ್ ಕೆಳಗೆ ಕೊರೆದಾಗ ಬಂದ ಕಲ್ಲಿನ ಉರುಳೆಯಲ್ಲಿ ಜಜ್ಜಿಹೋದ ಒಂದು ಮೂಳೆಯಿತ್ತು. ಮೊದಲು ಗಿಡದ ಪಳೆಯುಳಿಕೆ ಎಂದುಕೊಂಡಿದ್ದರು. ಪರೀಕ್ಷಿಸಿದಾಗ ಪ್ಲೇಟಿಯೋಸಾರಸ್ ಎಂದು ತಿಳಿಯಿತು. ನಾರ್ವೆಗೆ ಸಿಕ್ಕ ಮೊದಲ ಡೈನೋಸಾರ್ ಅದು.

ಹೊಸ ತಕರಾರು 2022ರದ್ದು. ಹ್ಯೂನ ಅವರ ಕಾಲದಲ್ಲಿ ಟ್ರೋಸಿಂಗೆನ್‌ನಿಂದ ತಂದು, ಪ್ಲೇಟಿಯೋಸಾರಸ್ ಎಂದು ಚೀಟಿ ಅಂಟಿಸಿ ಟ್ಯೂಬಿಂಗೆನ್‌ನಲ್ಲಿ ಇಟ್ಟಿದ್ದ ಒಂದು ಸೊಂಟ ಮತ್ತು ಹಿಂಗಾಲಿನ ಮೂಳೆಗಳನ್ನು ಒಮರ್ ರೆಗಲಾಡೊ ಫರ್ನಾಂಡೆಸ್ ಮತ್ತು ಇಂಗ್ಮಾರ್ ವೆರ್ನೆಬುರ್ಗ್ ಮತ್ತೆ ಅಳೆದು ನೋಡಿದರು. ಇದು ಪ್ಲೇಟಿಯೋಸಾರಸ್ ಅಲ್ಲವೇ ಅಲ್ಲ, ಸಾರೊಪಾಡ್‌ಗಳಿಗೆ ಇನ್ನೂ ಹತ್ತಿರದ ಬೇರೆ ಪ್ರಾಣಿ ಎಂದರು. ಟ್ಯೂಬಿಂಗೋಸಾರಸ್ ಎಂದು ಹೆಸರಿಟ್ಟರು.

ಇದು ಬರೀ ಚೀಟಿ ಬದಲಿಸುವ ಮಾತಲ್ಲ. 5 ಮೀಟರ್, 10 ಮೀಟರ್ ಎನ್ನುವ ಅಂತರವೆಲ್ಲ ಒಂದೇ ಜಾತಿಯೊಳಗಿನದು ಎಂಬ ನಂಬಿಕೆಯ ಮೇಲೆ ಬೆಳವಣಿಗೆಯ ವಾದ ನಿಂತಿದೆ. ರಾಶಿಯಲ್ಲಿ ಎರಡು ಮೂರು ಜಾತಿಗಳು ಬೆರೆತಿದ್ದರೆ ಆ ಅಂತರದ ಒಂದಷ್ಟು ಭಾಗ ಜಾತಿಯ ವ್ಯತ್ಯಾಸವೇ ಆಗಿರಬಹುದು. ಕೆಸರಿನ ಬಲೆಗೆ ಇದರಿಂದ ತೊಂದರೆಯಿಲ್ಲ, ಅದಕ್ಕೆ ಬೇಕಿದ್ದದ್ದು ಭಾರ ಮಾತ್ರ. ಬೆಳವಣಿಗೆಯ ಲೆಕ್ಕವನ್ನು ಮಾತ್ರ ಒಂದೊಂದೇ ಮೂಳೆ ತೆಗೆದು, ಇದು ಯಾರದ್ದು ಎಂದು ಕೇಳಿ, ಮತ್ತೆ ಹಾಕಬೇಕು.